ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ

ಮಗುವಿಗೆ ಮಾತು ತಡವಾದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಬಜೆ. ಸುಶ್ರುತ ಸಂಹಿತೆಯು ಮಾತಿನ ದೋಷಗಳನ್ನು ಮೂಕ, ಮಿನ್ಮಿನ, ಗದ್ಗದವೆಂದು ಹೆಸರಿಸಿದೆ. ನಾವೂ ಹಲವು ವರ್ಷ ಇಂತಹ ಮಕ್ಕಳಿಗೆ ಸಾರಸ್ವತಾರಿಷ್ಟ ಬರೆದುಕೊಟ್ಟು, "ತಾನಾಗಿಯೇ ಸರಿಹೋಗುತ್ತದೆ" ಎಂದು ಕಳುಹಿಸಿದ್ದುಂಟು. ಅದು ಅರ್ಧ ಚಿಕಿತ್ಸೆಯಷ್ಟೇ ಆಗಿತ್ತೆಂದು ಒಪ್ಪಿಕೊಳ್ಳಲು ಈ ವಯಸ್ಸಿನಲ್ಲಿ ಸಂಕೋಚವಿಲ್ಲ.

ಐದು ವರ್ಷದ ಬಾಲಕನೊಬ್ಬನನ್ನು ಅವನ ಅಜ್ಜಿ ನಮ್ಮಲ್ಲಿಗೆ ಕರೆತಂದಿದ್ದರು. ಕಾಗೆ ಅವನ ಬಾಯಲ್ಲಿ 'ತಾಗೆ' ಆಗುತ್ತಿತ್ತು. ಮನೆಯವರು ದಿನವೂ ಎದುರಿಗೆ ಕೂರಿಸಿಕೊಂಡು "ಸರಿಯಾಗಿ ಹೇಳು" ಎಂದು ಗದರಿಸಿದ್ದರ ಫಲವಾಗಿ ಹುಡುಗ ಮಾತನ್ನೇ ಕಡಿಮೆ ಮಾಡಿದ್ದ. ನಾವು ವಾಕ್ ಚಿಕಿತ್ಸಕಿಯೊಬ್ಬರ ಬಳಿಗೆ ಕಳುಹಿಸಿದೆವು. ಆಕೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿದರು. ಬಳಿಕ ಆಟಕ್ಕೆ ಕುಳಿತರು. ಬಟ್ಟಲುಗಳ ಕೆಳಗೆ ಕಡಲೆ, ಕಾಸು, ಕೀಲಿಗಳನ್ನು ಬಚ್ಚಿಟ್ಟು ಯಾವುದರ ಕೆಳಗೆ ಏನಿದೆಯೆಂದು ಊಹಿಸುವ ಆಟ. ಮುಂದೆ ಕಾಗೆ-ನರಿಯ ಚಿತ್ರಕಥೆ. ಅದರಲ್ಲಿ ಪಾತ್ರಗಳ ಮಾತುಗಳ ಮೇಲೆ ಬಿಳಿಯ ಕಾಗದ ಅಂಟಿಸಿದ್ದರು. ನರಿಯ ಮಾತು ಚಿಕಿತ್ಸಕಿಯದು, ಕಾಗೆಯ ಮಾತು ಹುಡುಗನದು. ಕಾಗೆ ಬಾಯಿ ತೆರೆಯದೆ ಆ ಕಥೆ ಮುಂದುವರಿಯದಷ್ಟೆ! ಕೆಲವು ವಾರಗಳಲ್ಲಿ ಆ ಕಾಗೆ 'ಕಾ' ಎಂದಿತು. ಪದಗಳಲ್ಲಿ ಅದು ನೆಲೆಯೂರಲು ತಿಂಗಳುಗಳೇ ಹಿಡಿದವು.

ಇದು ನಮ್ಮ ಶಾಸ್ತ್ರಕ್ಕೆ ಹೊಸತಲ್ಲ. ಮಗುವಿನ ಆಟಿಕೆಗಳು ಬಣ್ಣಬಣ್ಣದವಾಗಿ, ಸದ್ದು ಮಾಡುವಂತೆ, ಹಗುರವಾಗಿ, ಮೊನಚಿಲ್ಲದೆ, ಬಾಯೊಳಗೆ ಹೋಗದಂತೆ, ಹೆದರಿಸದಂತೆ ಇರಬೇಕೆಂದು ಚರಕ ಸಂಹಿತೆಯ ಶಾರೀರಸ್ಥಾನ ವಿಧಿಸುತ್ತದೆ. ಮಗುವನ್ನು ಬೆದರಿಸಬಾರದೆಂದೂ ಹೇಳುತ್ತದೆ. ಗದರಿ ಮಾತು ಕಲಿಸಹೊರಟವರು ಇದನ್ನು ಗಮನಿಸಬೇಕು.

ಆದರೆ ಎಲ್ಲ ಆಟವೂ ಚಿಕಿತ್ಸೆಯಲ್ಲ. ಪೀಪಿ ಊದಿದ ಮಾತ್ರಕ್ಕೆ ಅಕ್ಷರ ತಿದ್ದುವುದಿಲ್ಲ. ಅಕ್ಷರವನ್ನು ನುಡಿದೇ ಕಲಿಯಬೇಕು. ಮೊಬೈಲಿನ ಆಟವನ್ನಂತೂ ನಾವು ಒಪ್ಪೆವು. ಅದು ಎಡೆಬಿಡದೆ ಮಾತನಾಡುತ್ತದೆ, ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ. ಕಾಯುವವರು ತಂದೆ, ತಾಯಿ, ಅಜ್ಜಿ. ದಿನಕ್ಕೆ ಹತ್ತು ನಿಮಿಷ ಸಾಕು.

ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸದ ಮಗುವಿದ್ದರೆ "ಅವರಪ್ಪನೂ ತಡವಾಗಿಯೇ ಮಾತನಾಡಿದ್ದ" ಎಂದು ಕಾಲ ಕಳೆಯಬಾರದು. ಮೊದಲು ಕಿವಿ ತೋರಿಸಬೇಕು. ಕೇಳದ ಮಗುವಿಗೆ ಯಾವ ಆಟವೂ ಮಾತು ತರಲಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ಪರೀಕ್ಷೆಯೂ ನಡೆಯುತ್ತದೆ. ಇನ್ನು, ಅಟ್ಟದ ಮೇಲೆ ಹಳೆಯ ಬಾಲಮಂಗಳ, ಅಮರ ಚಿತ್ರಕಥೆಗಳಿದ್ದರೆ ರದ್ದಿಗೆ ಹಾಕದಿರಿ. ಬಿಳಿಯ ಕಾಗದ, ಅಂಟು ಹೇಗೂ ಮನೆಯಲ್ಲೇ ಇರುತ್ತವೆ.