ಕಾಸಿಮೇಡು ನಮ್ಮ ಆಲ್ಬಮ್ಮಿನಲ್ಲಿ ಏಕಿಲ್ಲ?

ಹೊರನಾಡ ಕನ್ನಡಿಗರ ಮನೆಗಳಲ್ಲಿ ಛಾಯಾಚಿತ್ರಗಳ ಆಲ್ಬಂ ಇಲ್ಲದ ಮನೆ ವಿರಳ. ಅದರ ಪುಟಗಳನ್ನು ತಿರುವಿದರೆ ಜೋಗದ ಜಲಪಾತ, ಬೇಲೂರಿನ ಮದನಿಕೆಯರು, ಹಂಪಿಯ ಕಲ್ಲಿನ ರಥ, ದೀಪಗಳಿಂದ ಬೆಳಗುವ ಮೈಸೂರಿನ ಅರಮನೆ ಕ್ರಮವಾಗಿ ಕಣ್ಣಿಗೆ ಬೀಳುತ್ತವೆ. ತವರು ನಾಡಿನ ಮೇಲಣ ಈ ಮಮತೆ ಸಹಜವಾದುದು, ಶ್ಲಾಘ್ಯವಾದುದು. ಆದರೆ ಬಾಳಿನ ಬಹುಭಾಗವನ್ನು ನಾವು ಕಳೆದ, ನಮ್ಮ ಮಕ್ಕಳು ಹುಟ್ಟಿ ಬೆಳೆದ ಚೆನ್ನೈ ನಗರ ಆ ಪುಟಗಳಲ್ಲಿ ಎಷ್ಟು ಸ್ಥಳ ಪಡೆದಿದೆ? ಮರೀನಾ ಕಡಲತೀರದ ಒಂದು ಚಿತ್ರ, ಮಹಾಬಲಿಪುರದ ಎರಡು ಚಿತ್ರ; ಅಲ್ಲಿಗೆ ಮುಗಿಯಿತು. ನಗರದ ಬಡಗಣ ಅಂಚಿನಲ್ಲಿರುವ ಕಾಸಿಮೇಡಿನ ಹೆಸರನ್ನಂತೂ ಮೀನು ಕೊಳ್ಳುವ ಸಂದರ್ಭದ ಹೊರತು ನಾವು ಎತ್ತುವುದೇ ಇಲ್ಲ. ಇದು ನಮ್ಮ ದೃಷ್ಟಿಯ ಕೊರತೆಯೆಂಬುದು ನನ್ನ ಅಭಿಪ್ರಾಯ.

ಕಾಸಿಮೇಡಿನಲ್ಲಿ ಚಿತ್ರ ತೆಗೆಯುವಂತಹ ಸೌಂದರ್ಯವೇನಿದೆ ಎಂದು ಕೇಳುವವರುಂಟು. ಅಲ್ಲಿ ಕೆಸರಿದೆ, ಮೀನಿನ ವಾಸನೆಯಿದೆ, ನೂಕುನುಗ್ಗಲಿದೆ ಎಂಬುದು ನಿಜವೇ. ಆದರೆ ಛಾಯಾಚಿತ್ರದ ಉದ್ದೇಶ ಗೋಡೆಯ ಅಲಂಕಾರ ಮಾತ್ರವೆಂದು ಭಾವಿಸಿದಾಗಲಷ್ಟೇ ಈ ಆಕ್ಷೇಪಣೆಗೆ ಬಲ ಬರುತ್ತದೆ. ಛಾಯಾಚಿತ್ರಕ್ಕೆ ಇನ್ನೊಂದು ಹಿರಿದಾದ ಕಾರ್ಯವಿದೆ. ಅದು ಸಾಕ್ಷಿ ನುಡಿಯುವ ಕಾರ್ಯ. ಇದಕ್ಕೆ ನಿದರ್ಶನವನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು.

1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಅವಶೇಷಗಳನ್ನು ಕಾಗದದ ನೆಗೆಟಿವುಗಳ ಮೇಲೆ ಚಿತ್ರಿಸಿದನು. ಇಂದು ನಾವು ನೋಡುವ, ಐವತ್ತು ರೂಪಾಯಿಯ ನೋಟಿನ ಮೇಲೆಯೂ ಮುದ್ರಿತವಾಗಿರುವ ಕಲ್ಲಿನ ರಥಕ್ಕೆ ಮೇಲ್ಗಡೆ ಶಿಖರವಿಲ್ಲ. ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ನಿಂತಿದೆ! ಆ ಚಿತ್ರವಿಲ್ಲದಿದ್ದರೆ ರಥದ ಆ ರೂಪವನ್ನು ನಾವಿಂದು ಊಹಿಸಿಕೊಳ್ಳಬೇಕಾಗುತ್ತಿತ್ತು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅದೇ ಕೋನಗಳಿಂದ ಮತ್ತೊಮ್ಮೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನೂರಿಪ್ಪತ್ತೇಳು ವರ್ಷಗಳಲ್ಲಿ ಉಳಿದುದೆಷ್ಟು, ಅಳಿದುದೆಷ್ಟು ಎಂಬುದು ಅಂಗೈ ನೆಲ್ಲಿಯಷ್ಟು ಸ್ಪಷ್ಟವಾಗುತ್ತದೆ. ಹಾಗೆಯೇ ಲಿನೇಯಸ್ ಟ್ರೈಪ್ ಎಂಬಾತ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಚಿತ್ರಗಳನ್ನು ತೆಗೆದು, ಮರುವರ್ಷ ಮದರಾಸಿನ ಪ್ರದರ್ಶನದಲ್ಲಿರಿಸಿದನು. ನಮ್ಮ ಹೊಯ್ಸಳ ಶಿಲ್ಪವು ಛಾಯಾಚಿತ್ರದ ರೂಪದಲ್ಲಿ ಲೋಕಕ್ಕೆ ಮುಖ ತೋರಿಸಿದ ಆರಂಭದ ತಾಣಗಳಲ್ಲಿ ಈ ನಗರವೂ ಒಂದು. ಮದರಾಸು ಅಂದು ನಮ್ಮ ನಾಡಿನ ಚಿತ್ರಗಳನ್ನು ಆದರದಿಂದ ನೋಡಿತು. ಮದರಾಸಿನ ನೆಲದ ಚಿತ್ರಗಳನ್ನು ಜೋಪಾನವಾಗಿರಿಸಿ ಆ ಋಣವನ್ನು ಕಿಂಚಿತ್ತಾದರೂ ತೀರಿಸುವುದು ನಮಗೆ ಭೂಷಣವಲ್ಲವೆ?

ಕಲ್ಲಿನ ಹಂಪಿಯೇ ಇಷ್ಟು ಬದಲಾಗಿರುವಾಗ ಮರಳಿನ ಕಾಸಿಮೇಡಿನ ಪಾಡೇನು? 1870ರ ದಶಕದಲ್ಲಿ ಮದರಾಸಿನ ಬಂದರಿಗಾಗಿ ಸಮುದ್ರದೊಳಕ್ಕೆ ಕಲ್ಲಿನ ಕಟ್ಟೆಗಳನ್ನು ಚಾಚಲು ಆರಂಭಿಸಿದರು. ಈ ತೀರದಲ್ಲಿ ಅಲೆಗಳು ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಮರಳನ್ನು ತೆಂಕಣದಿಂದ ಬಡಗಣಕ್ಕೆ ಸಾಗಿಸುತ್ತವೆ. ಕಟ್ಟೆ ಅಡ್ಡ ಬಂದುದರಿಂದ ಮರಳು ತೆಂಕಣ ಬದಿಯಲ್ಲಿ ಶೇಖರವಾಗಿ ಮರೀನಾ ವಿಶಾಲವಾಯಿತು. ಬಡಗಣ ಬದಿಗೆ ಮರಳು ದೊರೆಯದೆ ರಾಯಪುರ, ಕಾಸಿಮೇಡು, ತಿರುವೊತ್ತಿಯೂರುಗಳ ತೀರ ಸವೆಯಿತು. ನಾವು ಸಂಜೆಯ ವಿಹಾರಕ್ಕೆ ಹೋಗಿ ಚಿತ್ರ ತೆಗೆಸಿಕೊಳ್ಳುವ ಮರೀನಾದ ಮರಳಿಗೂ, ಬಡಗಣದವರು ಕಳೆದುಕೊಂಡ ನೆಲಕ್ಕೂ ಕಾರಣ ಒಂದೇ. ಒಂದನ್ನು ಮಾತ್ರ ಚಿತ್ರಿಸಿ ಇನ್ನೊಂದನ್ನು ಬಿಡುವುದೆಂದರೆ ಕಥೆಯ ಅರ್ಧವನ್ನು ಮಾತ್ರ ಹೇಳಿದಂತೆ. ಉಳ್ಳಾಲದ ಕಡಲ್ಕೊರೆತವನ್ನು ಕಂಡು ಮರುಗುವ ನಮಗೆ ಈ ಸಂಕಟ ಅಪರಿಚಿತವೇನೂ ಅಲ್ಲ.

ತೀರದ ಮೇಲೆ ಮನುಷ್ಯನ ಕೈವಾಡವೂ ನಿಂತಿಲ್ಲ. ಇಂದಿನ ಮೀನುಗಾರಿಕಾ ಬಂದರು ಬಳಕೆಗೆ ಬಂದುದು 1984ರಲ್ಲಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇಲ್ಲಿಯ ದೋಣಿಗಳು ಜಖಂಗೊಂಡವು. ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಕಟ್ಟುಮರಗಳ ಸ್ಥಾನವನ್ನು ಫೈಬರ್ ದೋಣಿಗಳು ಬಹುಮಟ್ಟಿಗೆ ಆಕ್ರಮಿಸಿವೆ. ಇವೆಲ್ಲವೂ ನಮ್ಮ ಕಣ್ಣೆದುರಿನಲ್ಲಿಯೇ ನಡೆದ ಬದಲಾವಣೆಗಳು. ಇವುಗಳ ಎಷ್ಟು ಚಿತ್ರಗಳು ನಮ್ಮ ಮನೆಗಳಲ್ಲಿವೆ?

ಸೌಂದರ್ಯವನ್ನೇ ಅರಸುವವರಿಗೂ ಕಾಸಿಮೇಡು ನಿರಾಸೆ ಮಾಡುವುದಿಲ್ಲ. ಮಲ್ಪೆಯಲ್ಲಿ, ಕಾರವಾರದಲ್ಲಿ ಸೂರ್ಯನು ಕಡಲಿನಲ್ಲಿ ಮುಳುಗುತ್ತಾನೆ. ಇಲ್ಲಿ ಕಡಲಿನಿಂದ ಮೂಡುತ್ತಾನೆ. ಅಲ್ಲಿ ಸಂಜೆ ದೊರೆಯುವ ನೆರಳಿನ ಚಿತ್ರ ಇಲ್ಲಿ ಮುಂಜಾನೆಯೇ ದೊರೆಯುತ್ತದೆ. ನಸುಕಿಗೂ ಮುನ್ನವೇ ಹರಾಜಿನ ಕೂಗು ಎದ್ದಿರುತ್ತದೆ. ಕರಾವಳಿಯವರ ಅಂಜಲ್ ಮೀನು ಇಲ್ಲಿ ವಂಜರಂ ಎಂಬ ಹೆಸರಿನಿಂದ ಬುಟ್ಟಿಯಲ್ಲಿ ಮಲಗಿರುತ್ತದೆ. ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನಗಳಲ್ಲಿ ದೋಣಿಗಳಿಗೆ ಬಣ್ಣ ಬಳಿಯುವವರು, ಬಲೆಗಳನ್ನು ಹೆಣೆಯುವವರು ಕಾಣಸಿಗುತ್ತಾರೆ. ನಮ್ಮ ಕರಾವಳಿಯಲ್ಲಿ ಈ ವಿರಾಮ ಜೂನ್ 1ರಿಂದ ಜುಲೈ 31ರವರೆಗೆ. ಎರಡೂ ತೀರಗಳ ಈ ಬಿಡುವಿನ ದಿನಗಳನ್ನು ಚಿತ್ರಿಸಿ ಜೊತೆಗಿರಿಸಿದರೆ ಎಂತಹ ಸೊಗಸಾದ ಮಾಲಿಕೆಯಾದೀತು! ಸಮೀಪದಲ್ಲಿಯೇ ರಾಯಪುರದ ರೈಲು ನಿಲ್ದಾಣವಿದೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರ ಜುಲೈ 1ರಂದು ಹೊರಟುದು ಇಲ್ಲಿಂದಲೇ. ಗ್ರೀನ್‌ಲಾ ಹಂಪಿಯನ್ನು ಚಿತ್ರಿಸಿದ ವರ್ಷವೂ ಅದೇ. ಕಂಬಗಳ ಸಾಲಿನ ಆ ಹಳೆಯ ಕಟ್ಟಡವನ್ನು ಚಿತ್ರಿಸಲು ಬಹುದೂರ ಹೋಗಬೇಕಾಗಿಲ್ಲ. ವೈದ್ಯರು ಬೋಧಿಸುವ ಮುಂಜಾನೆಯ ನಡಿಗೆಗೂ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಆದರೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಕಾಸಿಮೇಡು ಪ್ರೇಕ್ಷಣೀಯ ಸ್ಥಳವಲ್ಲ, ಸಾವಿರಾರು ಜನರು ದುಡಿಯುವ ಸ್ಥಳ. ಬುಟ್ಟಿ ಹೊತ್ತ ಮಹಿಳೆಯ ಮುಖಕ್ಕೆ ಥಟ್ಟನೆ ಕ್ಯಾಮೆರಾ ಹಿಡಿಯುವುದು ಸಭ್ಯತೆಯಲ್ಲ. ನಮ್ಮ ಅಡುಗೆಮನೆಗೆ ಅಪರಿಚಿತನೊಬ್ಬ ನುಗ್ಗಿ ಚಿತ್ರ ತೆಗೆದರೆ ನಾವು ಸಹಿಸುವೆವೆ? ಅವರ ಭಾಷೆಯಲ್ಲಿ ಒಂದು ಮಾತು ಕೇಳಿ, ಒಪ್ಪಿದರೆ ತೆಗೆಯಬೇಕು; ಒಪ್ಪದಿದ್ದರೆ ನಮಸ್ಕರಿಸಿ ಮುಂದೆ ನಡೆಯಬೇಕು. ಸಾಧ್ಯವಾದರೆ ಅಚ್ಚು ಹಾಕಿಸಿದ ಒಂದು ಪ್ರತಿಯನ್ನು ಅವರಿಗೂ ಕೊಡಬೇಕು. ಬಂದರಿನ ಆವರಣಗಳಲ್ಲಿ ನಿಷೇಧದ ಫಲಕವಿರುವೆಡೆ ಕ್ಯಾಮೆರಾವನ್ನು ಹೊರತೆಗೆಯಲೇಬಾರದು. ಬಡತನವನ್ನು ನೋಟದ ವಸ್ತುವನ್ನಾಗಿ ಮಾಡುವ ಚಿತ್ರಕ್ಕಿಂತ ಚಿತ್ರವಿಲ್ಲದಿರುವುದೇ ಲೇಸು.

ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಚಿತ್ರಗಳಿಗೆ ಬರವಿಲ್ಲ, ವಿವರಗಳಿಗೆ ಬರವಿದೆ. ಮೊಬೈಲಿನಲ್ಲಿ ಸಾವಿರಗಟ್ಟಲೆ ಚಿತ್ರಗಳು ಹೆಸರಿಲ್ಲದೆ ಬಿದ್ದಿರುತ್ತವೆ. ಮೊಬೈಲು ಕೆಟ್ಟ ದಿನ ಅವೂ ಹೋಗುತ್ತವೆ. ಎಲ್ಲಿ ನಿಂತು, ಯಾವ ದಿಕ್ಕಿಗೆ ಮುಖ ಮಾಡಿ, ಯಾವ ದಿನ ತೆಗೆದುದೆಂಬ ಮೂರು ಸಂಗತಿಗಳನ್ನು ಚಿತ್ರದೊಡನೆ ಬರೆದಿಡುವುದು ಕಷ್ಟವೇನಲ್ಲ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ಮತ್ತೊಮ್ಮೆ ತೆಗೆದರೆ ಅದರ ಬೆಲೆ ಇಮ್ಮಡಿಸುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಡ, ತಾಳ್ಮೆಯೊಂದಿದ್ದರೆ ಸಾಕು.

ನಮ್ಮಂತಹ ಸಂಘಗಳು ಈ ದಿಸೆಯಲ್ಲಿ ಮುಂದಾಗಬೇಕು. ವಾರ್ಷಿಕೋತ್ಸವದ ಸಭಾಂಗಣದ ಒಂದು ಗೋಡೆಯನ್ನು ಸದಸ್ಯರು ತೆಗೆದ ಈ ನಗರದ ಚಿತ್ರಗಳಿಗಾಗಿ ಮೀಸಲಿಡಲಿ. ಪ್ರತಿಯೊಂದರ ಕೆಳಗೂ ಕನ್ನಡದಲ್ಲಿ ಎರಡು ಸಾಲಿನ ವಿವರಣೆಯಿರಲಿ. ಕನ್ನಡವನ್ನು ಮಾತನಾಡಬಲ್ಲರಾದರೂ ಬರೆಯಲು ಹಿಂಜರಿಯುವ ನಮ್ಮ ಮಕ್ಕಳ ಕೈಯಿಂದಲೇ ಅದನ್ನು ಬರೆಸೋಣ. ವರ್ಷ ವರ್ಷದ ಚಿತ್ರಗಳನ್ನು ಕ್ರಮವಾಗಿ ಜೋಡಿಸಿ ಸಂಘದ ಕಪಾಟಿನಲ್ಲಿರಿಸಿದರೆ ಇಪ್ಪತ್ತು ವರ್ಷಗಳ ತರುವಾಯ ಅದೊಂದು ಅಮೂಲ್ಯ ದಾಖಲೆಯಾಗುತ್ತದೆ. ಹುಟ್ಟಿದ ನೆಲವನ್ನು ಪ್ರೀತಿಸುವುದು ಎಲ್ಲರಿಗೂ ಬರುತ್ತದೆ. ಅನ್ನ ಕೊಟ್ಟ ನೆಲವನ್ನು ಕಣ್ತೆರೆದು ನೋಡಿ, ಅದು ಹೇಗಿತ್ತೆಂಬುದನ್ನು ಮುಂದಿನವರಿಗೆ ತಿಳಿಸುವುದು ಕೃತಜ್ಞತೆಯ ಕೆಲಸ. ಮುಂದಿನ ಭಾನುವಾರ ನಸುಕಿನಲ್ಲಿ ಬಡಗಣ ದಿಕ್ಕಿಗೆ ಹೊರಟರೆ ಈ ಕೆಲಸ ಆರಂಭವಾದಂತೆಯೇ.