ಗದ್ದಲದ ನಡುವೆ ಗಾನ

ಆಳಂದ, ಅಫಜಲಪುರ, ಜೇವರ್ಗಿಗಳಿಂದ ನಿತ್ಯವೂ ಕಲಬುರಗಿಗೆ ಹೋಗಿಬರುವವರಿಗೆ ಸಂಗೀತ ಕೇಳಲು ಬಿಡುವು ದೊರೆಯುವುದು ಬಸ್ಸಿನಲ್ಲಿಯೇ. ಇಂಜಿನ್ನಿನ ಮೊರೆತವನ್ನು ಮೀರಿಸಲೆಂದು ಧ್ವನಿಯನ್ನು ಏರಿಸುತ್ತಾರೆ. ಕಿವಿಯ ಕೇಡು ಅಲ್ಲಿಂದಲೇ ಮೊದಲು. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬಲನ್ನು ಕೇಳಬಹುದಾದುದು ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದಕ್ಕೆ ಪರಿಹಾರವಾಗಿ ಸದ್ದಡಗಿಸುವ ಹೆಡ್‌ಫೋನು ಬಂದಿದೆ. ಬಂಗಾಳಿ ತಂದೆಯ ಮಗನಾದ ಅಮೆರಿಕದ ಅಮರ್ ಬೋಸರಿಗೆ 1978ರಲ್ಲಿ ವಿಮಾನದಲ್ಲಿ ಕುಳಿತಿದ್ದಾಗ ಹೊಳೆದ ಯೋಚನೆ, 1989ರಲ್ಲಿ ವೈಮಾನಿಕರ ಕಿವಿಗೇರಿತು. ಹೊರಗಿನ ಸದ್ದನ್ನು ಪುಟ್ಟ ಮೈಕು ಹಿಡಿಯುತ್ತದೆ. ಯಂತ್ರವು ಅದಕ್ಕೆ ತದ್ವಿರುದ್ಧವಾದ ಅಲೆಯನ್ನೆಬ್ಬಿಸಿ ಎರಡನ್ನೂ ಅಳಿಸುತ್ತದೆ.

ಆದರೆ ಇದು ಕಡಲನ್ನೇ ಕುಡಿದ ಅಗಸ್ತ್ಯನಲ್ಲ. ಇಂಜಿನ್ನಿನ ಏಕನಾದ ಅಡಗೀತು. ಕಂಡಕ್ಟರನ ಸೀಟಿ, ನೆರೆಯವರ ಹರಟೆ ಒಳನುಗ್ಗದಿರವು. ಅವನ್ನು ತಡೆಯುವುದು ಕಿವಿಯ ಸುತ್ತ ಕೂಡುವ ಮೆತ್ತೆ. ಕನ್ನಡಕದವರು ಕನ್ನಡಕ ಧರಿಸಿಯೇ ಪರೀಕ್ಷಿಸಬೇಕು. ಕಡ್ಡಿಯ ಸಂದಿನಲ್ಲಿ ಸದ್ದು ನುಸುಳುತ್ತದೆ.

ನಾದದ ಗುಣಕ್ಕೆ ಜಾಹೀರಾತು ಸಾಕ್ಷಿಯಲ್ಲ. ಬಲ್ಲ ಗಾಯನವೊಂದನ್ನು, ಮಲ್ಲಿಕಾರ್ಜುನ ಮನ್ಸೂರರದೇ ಆಗಲಿ, ಅಂಗಡಿಯಲ್ಲಿ ಹಾಕಿಸಿ, ಸದ್ದಡಗಿಸುವ ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಕೇಳಿರಿ. ಗುಂಡಿ ಒತ್ತಿದೊಡನೆ ಹಿಂದಿನ ತಂಬೂರಿ ಮಂಕಾದರೆ, ಬೆಲೆ ಎಷ್ಟಿದ್ದರೂ ಮತ್ತೊಂದನ್ನು ತೋರಿಸಲು ಹೇಳಿರಿ.