ಎರಡು ಧಾರಣೆಗಳು

ಕಳೆದ ಸುಗ್ಗಿಯ ಒಂದು ಗುರುವಾರ ಸಂಜೆ, ಮೆಣಸಿನಕಾಯಿಯನ್ನು ಕಣದಲ್ಲಿ ಹರವಿ, ಈಗಲೇ ಮಾರುವುದೋ ಇನ್ನೊಂದು ವಾರ ತಡೆಯುವುದೋ ಎಂಬ ಸಂದೇಹದಲ್ಲಿದ್ದ ನಮ್ಮ ಓಣಿಯ ಹಿರಿಯರೊಬ್ಬರು, ಕಟ್ಟೆಯ ಮೇಲೆ ಕುಳಿತಿದ್ದ ನನ್ನನ್ನು “ಬ್ಯಾಡಗಿ ಧಾರಣಿ ಇವತ್ತ ಎಷ್ಟಾತು, ಸ್ವಲ್ಪ ನೋಡ್ರಿ” ಎಂದು ಕೇಳಿದರು. ಮೊಬೈಲು ತೆರೆದೆನು. ಧಾರಣೆಗಿಂತ ಮೊದಲು ಯಾರದೋ ಗೃಹಪ್ರವೇಶದ ಚಿತ್ರಗಳು ಬಂದುವು. ಅವುಗಳ ಬೆನ್ನಿಗೆ ಎಲ್ಲಿಯೋ ಸೇತುವೆ ಕುಸಿದ ದೃಶ್ಯ. ತರುವಾಯ, ಮಧುಮೇಹವನ್ನು ಮೂರೇ ದಿನಗಳಲ್ಲಿ ನೀಗುವ ಕಷಾಯ. ನಾನು ತಲೆಯೆತ್ತಿದಾಗ ಹಿರಿಯರು ಎದ್ದು ಹೋಗಿದ್ದರು. ಹಾಲು ಕರೆಯುವ ಹೊತ್ತಾಗಿದ್ದಿತು. ಧಾರಣೆಯನ್ನು ನಾನು ನೋಡಿರಲೇ ಇಲ್ಲ.

ಪೇಟೆಯ ಬೆಲೆಗೆ ಧಾರಣೆಯೆನ್ನುವ ನಾವು, ಪತಂಜಲಿಯ ಅಷ್ಟಾಂಗಗಳಲ್ಲಿ ಆರನೆಯದಾದ, ಚಿತ್ತವನ್ನು ಒಂದೆಡೆ ಕಟ್ಟಿ ನಿಲ್ಲಿಸುವ ಸಾಧನಕ್ಕೂ ಅದೇ ಹೆಸರುಂಟೆಂಬುದನ್ನು ಮರೆತಿದ್ದೇವೆ. ಮೊದಲನೆಯದನ್ನು ಅರಸಹೋಗಿ ಎರಡನೆಯದನ್ನು ಕಳೆದುಕೊಂಡವನು ನಾನೊಬ್ಬನೇ ಅಲ್ಲ. ಬ್ಯಾಡಗಿಯ ಪೇಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಟೆಂಡರು ತೆರೆದ ಮೇಲೆ ಧಾರಣೆಯನ್ನು ಒಮ್ಮೆ ತಿಳಿದರೆ ರೈತನಿಗೆ ಸಾಕು. ಆದರೆ ಉಳಿದ ಐದು ದಿನಗಳಲ್ಲಿಯೂ ಗುಂಪಿನಿಂದ ಗುಂಪಿಗೆ ಹಾರುವ ವದಂತಿಗಳನ್ನು ಓದುತ್ತ, ನಮ್ಮೂರು ಕುಪ್ಪೇಲೂರಿನ ಹೊಲದ ಬದುವಿನ ಮೇಲೆ ನಿಂತವನು ಗುಂಟೂರಿನ ಪೇಟೆಯ ಏರಿಳಿತಕ್ಕೂ ಎದೆಗುಂದುತ್ತಾನೆ.

ಸುದ್ದಿಯೇ ದುರ್ಲಭವಾಗಿದ್ದ ಕಾಲವೂ ಈ ಸೀಮೆಗೆ ಗೊತ್ತು. ನಮ್ಮ ಜಿಲ್ಲೆಯ ಅಗಡಿಯ ಆನಂದವನದಿಂದ ೧೯೦೭ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ತಿಂಗಳಿಗೊಮ್ಮೆ ಬರುವ ಪತ್ರಿಕೆ. ಅದರ ಸಂಪಾದಕರಾಗಿದ್ದ ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಅಕ್ಷರವು ಹೀಗೆ ಮನುಷ್ಯನ ತಲೆಯ ಮೇಲೆ ಕುಳಿತು, ದಾರಿಯ ಧೂಳಿನಲ್ಲಿ ನಡೆದು ಬಂದಾಗ, ಅದನ್ನು ಬರಮಾಡಿಕೊಳ್ಳುವವನಿಗೂ ವ್ಯವಧಾನವಿದ್ದಿತು. ಆ ಕಾಲವೇ ಲೇಸೆಂದು ನಾನು ಹೇಳುವುದಿಲ್ಲ. ಆಗ ದಲ್ಲಾಳಿ ಹೇಳಿದ್ದೇ ಧಾರಣೆಯಾಗಿ, ರೈತನು ಕುರುಡನಂತೆ ಗಾಡಿ ಹೂಡುತ್ತಿದ್ದನು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆ ಕುರುಡು ಹೋಯಿತು, ನಿಜ. ಕಣ್ಣು ಬಂದವನಿಗೆ ರೆಪ್ಪೆ ಮುಚ್ಚುವುದೇ ಮರೆತುಹೋಯಿತೆಂಬುದು ನನ್ನ ದೂರು.

ಮೊಬೈಲನ್ನು ದೂರವಿಡಿರೆಂದು ಒಬ್ಬೊಬ್ಬರಿಗೇ ಹೇಳುವ ಉಪದೇಶದಲ್ಲಿ ನನಗೆ ನಂಬಿಕೆಯಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಈ ಗೀಳಿಗೆಂದೇ ೨೦೧೪ರಲ್ಲಿ ಚಿಕಿತ್ಸಾಲಯವನ್ನು ತೆರೆಯಬೇಕಾಯಿತೆಂದ ಮೇಲೆ, ಬರಿಯ ಸಂಕಲ್ಪದ ಬಲವೆಷ್ಟೆಂಬುದು ಸ್ಪಷ್ಟ. ಮನೆಯಲ್ಲಿ ಒಬ್ಬನು ಬಿಟ್ಟರೆ ಉಳಿದ ನಾಲ್ವರ ಕೈಯಲ್ಲಿ ಬೆಳಕು ಮಿನುಗುತ್ತಲೇ ಇರುತ್ತದೆ. ಪತಂಜಲಿಯ ಕ್ರಮದಲ್ಲಿ ಧಾರಣೆಗೆ ಮೊದಲು ಪ್ರತ್ಯಾಹಾರ, ಇಂದ್ರಿಯಗಳನ್ನು ವಿಷಯಗಳಿಂದ ಹಿಂದಕ್ಕೆ ಸೆಳೆಯುವುದು. ಇದನ್ನು ಒಂದು ಊರು ಒಟ್ಟಾಗಿ ಮಾಡಿದ ದೃಷ್ಟಾಂತವು ನಮ್ಮ ಗಡಿಯಾಚೆಗೇ ಇದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಸುಮಾರು ೩೦೦೦ ಜನರ ಊರು. ಕೋವಿಡ್ಡಿನ ಕಾಲದಲ್ಲಿ ಪಾಠದ ನೆಪದಿಂದ ಮಕ್ಕಳ ಕೈಗೆ ಬಂದ ಮೊಬೈಲು, ಶಾಲೆ ತೆರೆದ ಮೇಲೂ ಕೈಬಿಡದಿರಲು, ೨೦೨೨ರ ಆಗಸ್ಟಿನಲ್ಲಿ ಅಲ್ಲಿಯ ಮಹಿಳೆಯರ ಸಭೆಯು ಒಂದು ನಿರ್ಣಯ ಮಾಡಿತು: ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಸೈರನ್ ಕೂಗತಕ್ಕದ್ದು, ಎಂಟೂವರೆಗೆ ಅದು ಮತ್ತೆ ಕೂಗುವ ಪರಿಯಂತ ಟೀವಿ, ಮೊಬೈಲು ಎಲ್ಲವೂ ಬಂದ್.

ಕುಪ್ಪೇಲೂರಿನ ಗ್ರಾಮಸಭೆಯು ಇಂಥ ಗೊತ್ತುವಳಿಯನ್ನು ಏಕೆ ಮಾಡಬಾರದು? ಒಂದೂವರೆ ಗಂಟೆ ಹೆಚ್ಚಾಯಿತೆನ್ನುವವರಿಗಾಗಿ ಒಂದೇ ಗಂಟೆಯಿರಲಿ. ಸೈರನ್ನಿಗೆ ಹಣವಿಲ್ಲದಿದ್ದರೆ ಗುಡಿಯ ಗಂಟೆಯುಂಟು. ಬೆಂಗಳೂರಿಗೆ ದುಡಿಯಹೋದ ಮಗನ ಕರೆ ಬಂದರೆ ತಾಯಿ ಎತ್ತಿಕೊಳ್ಳಲಿ. ಮಾತಿಗೆ ಯಾರ ಆಕ್ಷೇಪವೂ ಇಲ್ಲ. ದಂಡ ಮಾತ್ರ ಬೇಡ. ದಂಡವಿಟ್ಟರೆ ಮೊದಲು ಕೊಡಬೇಕಾದವರು ನನ್ನಂಥ ಲೇಖಕರೇ ಎಂಬ ಸ್ವಾರ್ಥವೂ ಈ ಮಾತಿನಲ್ಲಿರಬಹುದು.

ಆ ಹಿರಿಯರಿಗೆ ಧಾರಣೆಯನ್ನು ತಿಳಿಸಲು ಮರುದಿನ ಮುಂಜಾನೆ ಅವರ ಕಣಕ್ಕೆ ಹೋದೆನು. ದಬ್ಬಣ ಹಿಡಿದು ಆಗಲೇ ಮೂರನೆಯ ಚೀಲದ ಬಾಯಿ ಹೊಲಿಯುತ್ತಿದ್ದರು. ಬ್ಯಾಡಗಿಯಿಂದ ರಾತ್ರಿಯ ಬಸ್ಸಿಗೆ ಬಂದಿಳಿದವರೊಬ್ಬರು ಬಾಯಿಂದಲೇ ಹೇಳಿದ್ದರಂತೆ.